ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಶವ ವಿಚಾರಣೆಗಳನ್ನು ಓದುವುದು ಹೇಗೆ: ಎಡ್ಜ್‌ಫೀಲ್ಡ್ ಕಡತಗಳ ಸಮಗ್ರ ಮಾರ್ಗದರ್ಶಿ

ಮೂರು ಮಡಿಕೆಯಾಗಿ ಮಡಚಿಟ್ಟ ಒಂದು ಹಾಳೆ. ಶಾಯಿ ಕಂದಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಹೊರ ಮಡಿಕೆಯ ಮೇಲೆ ಒಂದೇ ಸಾಲು: ಇಂಥವರ ಶವದ ಮೇಲೆ ನಡೆದ ವಿಚಾರಣೆ, ಇಂಥ ದಿನ. ಬಿಚ್ಚಿದರೆ ಒಳಗೆ ಒಂದು ಸಾವು, ಅದನ್ನು ಕಂಡವರ ಮಾತು, ಕೊನೆಯಲ್ಲಿ ಹನ್ನೆರಡು ಜನ ನೆರೆಹೊರೆಯವರ ಸಹಿ. ಓದು ಬರಹ ಬಾರದವರು ಹೆಸರಿನ ನಡುವೆ ಒಂದು ಗುಣಾಕಾರದ ಗುರುತು ಹಾಕಿ, ಅದರ ಪಕ್ಕದಲ್ಲಿ ಗುಮಾಸ್ತ ‘ಇವನ ಗುರುತು’ ಎಂದು ಬರೆದಿದ್ದಾನೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದ ದಕ್ಷಿಣದಲ್ಲಿ ಯಾರಾದರೂ ಅಸಹಜವಾಗಿ ಸತ್ತರೆ ಹುಟ್ಟುತ್ತಿದ್ದ ಕಾಗದ ಇದು. ಇಂಗ್ಲಿಷಿನಲ್ಲಿ ಇದರ ಹೆಸರು ಕೊರೊನರ್ಸ್ ಇನ್‌ಕ್ವೆಸ್ಟ್. ಅಲ್ಲಿನ ಹಳ್ಳಿಗಾಡಿನ ಹಿಂಸೆಯ ಬಗ್ಗೆ ಅಧ್ಯಯನ ಮಾಡುವವರಿಗೆ, ಗುಲಾಮಗಿರಿಯ ಇತಿಹಾಸ ಕಲಿಯುವವರಿಗೆ, ಕರೊಲಿನಾ ಜಾರ್ಜಿಯಾಗಳಲ್ಲಿ ನೆಲೆಸಿ ತಾವಿರುವ ನೆಲದ ಹಳೆಯ ಕಥೆ ತಿಳಿಯಬಯಸುವ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದಾಖಲೆ ಇನ್ನೊಂದಿಲ್ಲ. ಆದರೆ ಓದುವ ಕ್ರಮ ತಪ್ಪಿದರೆ ಈ ಕಾಗದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾನು ಮೊದಮೊದಲು ತೀರ್ಪಿನ ಸಾಲನ್ನಷ್ಟೇ ಓದಿ, ಸಾವಿನ ಕಾರಣ ಬರೆದುಕೊಂಡು ಮುಂದಿನ ಹಾಳೆಗೆ ಹೋಗುತ್ತಿದ್ದೆ. ಹಾಗೆ ಬರೆದ ನೂರಾರು ಚೀಟಿಗಳನ್ನು ಆಮೇಲೆ ಮೊದಲಿಂದ ಬರೆಯಬೇಕಾಯಿತು.

ಮೊದಲು ಗಡಿ ಸರಿಮಾಡಿಕೊಳ್ಳಿ

ಒಂದೇ ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥ ಒಂದು ಭಾಗವನ್ನು, ಆರಿಸಿಕೊಂಡು ಅಲ್ಲೇ ನಿಲ್ಲಿ. ಈ ಬರಹಕ್ಕೆ ನಾನು ಆರಿಸಿಕೊಂಡದ್ದು ಸೌತ್ ಕರೊಲಿನಾದ ಪಶ್ಚಿಮ ಅಂಚಿನ ಎಡ್ಜ್‌ಫೀಲ್ಡ್. ಸವಾನಾ ನದಿ ದಾಟಿದರೆ ಜಾರ್ಜಿಯಾ. ಹತ್ತಿಯ ಸೀಮೆ. 1860ರ ಜನಗಣತಿಯ ಹೊತ್ತಿಗೆ ಇಲ್ಲಿನ ನೂರು ಜನರಲ್ಲಿ ಸುಮಾರು ಅರವತ್ತು ಜನ ಗುಲಾಮರು. 1856ರ ಮೇ 22ರಂದು ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣದಲ್ಲೇ ಗುಲಾಮಗಿರಿಯ ವಿರೋಧಿ ಚಾರ್ಲ್ಸ್ ಸಮ್ನರ್‌ನನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದ ಪ್ರೆಸ್ಟನ್ ಬ್ರೂಕ್ಸ್ ಈ ಊರಿನವನು. ಮರ್ಯಾದೆಗೆ ಕುಂದು ಬಂದರೆ ಕೈ ಎತ್ತಬೇಕು ಎಂಬ ನಂಬಿಕೆ ಇಲ್ಲಿನ ದೊಡ್ಡ ಮನೆಗಳಲ್ಲೂ ಇತ್ತು, ಸಾರಾಯಿ ಅಂಗಡಿಯಲ್ಲೂ ಇತ್ತು.

ಗಡಿ ಯಾಕೆ ಮುಖ್ಯ? 1800ರಿಂದ 1868ರ ರಾಜ್ಯ ಸಂವಿಧಾನ ಬರುವವರೆಗೆ ಇಲ್ಲಿ ‘ಕೌಂಟಿ’ ಇರಲಿಲ್ಲ, ‘ಡಿಸ್ಟ್ರಿಕ್ಟ್’ ಇತ್ತು. 1871ರಲ್ಲಿ ಏಕೆನ್, 1895ರಲ್ಲಿ ಸಲೂಡಾ, 1897ರಲ್ಲಿ ಗ್ರೀನ್‌ವುಡ್ ಕೌಂಟಿಗಳು ಹುಟ್ಟಿದಾಗ ಎಡ್ಜ್‌ಫೀಲ್ಡಿನ ನೆಲವೂ ಅವುಗಳಿಗೆ ಹಂಚಿಹೋಯಿತು. ಇಂದು ಸಲೂಡಾದಲ್ಲಿರುವ ಹಳ್ಳಿಯೊಂದರ 1850ರ ಕೊಲೆ ಎಡ್ಜ್‌ಫೀಲ್ಡಿನ ಕಟ್ಟಿನಲ್ಲಿರುತ್ತದೆ. 1876ರಲ್ಲಿ ಹ್ಯಾಂಬರ್ಗ್ ಎಂಬ ಊರಿನಲ್ಲಿ ನಡೆದ ಕೊಲೆಗಳನ್ನು (ಅದರ ಕಥೆ ಮುಂದೆ ಬರುತ್ತದೆ) ಎಡ್ಜ್‌ಫೀಲ್ಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಷ್ಟರಲ್ಲಿ ಆ ಊರು ಏಕೆನ್‌ಗೆ ಸೇರಿತ್ತು. ಹಳೆಯ ನಕ್ಷೆಯೊಂದನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಶುರುಮಾಡಿ.

ಕೊರೊನರ್ ಎಂದರೆ ವೈದ್ಯನಲ್ಲ

ಅಸಹಜ ಸಾವಿನ ವಿಚಾರಣೆ ನಡೆಸುವ ಈ ಹುದ್ದೆ ಇಂಗ್ಲೆಂಡಿನಲ್ಲಿ 1194ರಲ್ಲಿ ಹುಟ್ಟಿದ್ದು. ರಾಜನಿಗೆ ಬರಬೇಕಾದ ದಂಡ, ಜಪ್ತಿ ತಪ್ಪಿಹೋಗದಂತೆ ನೋಡಿಕೊಳ್ಳುವುದು ಅದರ ಮೂಲ ಕೆಲಸ. ಅಟ್ಲಾಂಟಿಕ್ ದಾಟಿ ಬಂದಾಗಲೂ ಅದಕ್ಕೆ ವೈದ್ಯಕೀಯದ ನಂಟು ಅಂಟಲಿಲ್ಲ. ಹಳ್ಳಿಗಾಡಿನ ಕೊರೊನರ್ ಒಬ್ಬ ರೈತನೋ ಅಂಗಡಿಕಾರನೋ ಆಗಿರುತ್ತಿದ್ದ. ವಿಚಾರಣೆಗೆ ಇಷ್ಟು ಎಂದು ಶುಲ್ಕ ಸಿಗುತ್ತಿತ್ತು. ಅವನು ದೂರದಲ್ಲಿದ್ದರೆ ಹತ್ತಿರದ ಮ್ಯಾಜಿಸ್ಟ್ರೇಟನೇ ಆ ಕೆಲಸ ಮಾಡುತ್ತಿದ್ದ. ಅಕ್ಕಪಕ್ಕದ ಹೊಲಗಳಿಂದ ಗಂಡಸರನ್ನು ಕರೆಸಿ, ಪ್ರಮಾಣ ಮಾಡಿಸಿ, ಶವದ ಸುತ್ತ ನಿಲ್ಲಿಸಿದರೆ ಅದೇ ಜ್ಯೂರಿ. ಶವವನ್ನು ಕಣ್ಣಾರೆ ನೋಡದೆ ವಿಚಾರಣೆ ನಡೆಸುವಂತಿರಲಿಲ್ಲ. ಬೇಸಿಗೆಯ ಸೆಕೆಗೆ ಬೇಗ ಮಣ್ಣು ಮಾಡಿದ ಶವವನ್ನು ಮತ್ತೆ ಅಗೆದು ತೆಗೆದದ್ದು ಕಡತದಲ್ಲಿ ಕಂಡರೆ ಅದಕ್ಕೆ ಈ ನಿಯಮವೇ ಕಾರಣ.

ನಮ್ಮಲ್ಲಿ ಠಾಣೆ, ಕೋರ್ಟು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಶವ ಪಂಚನಾಮೆಯ ಬೇರೂ ಇದೇ ಇಂಗ್ಲಿಷ್ ಪದ್ಧತಿಯಲ್ಲಿದೆ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಕೊರೊನರನನ್ನು ಕಲ್ಕತ್ತಾ, ಬಾಂಬೆಯಂಥ ಪ್ರೆಸಿಡೆನ್ಸಿ ನಗರಗಳಿಗೆ ಸೀಮಿತ ಮಾಡಿ, ಉಳಿದ ಕಡೆ ಪೊಲೀಸರೂ ಊರಿನ ಇಬ್ಬರು ಮೂವರು ಪಂಚರೂ ಸೇರಿ ಶವ ನೋಡಿ ಬರೆಯುವ ಕ್ರಮ ಇಟ್ಟರು. ಹಿಂದಿನ ಸಿಆರ್‌ಪಿಸಿಯ 174ನೇ ಕಲಂ, ಈಗಿನ ಬಿಎನ್‌ಎಸ್‌ಎಸ್‌ನ 194ನೇ ಕಲಂ ಇದನ್ನೇ ಹೇಳುತ್ತದೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ನಮ್ಮ ಪಂಚರು ಕಂಡದ್ದಕ್ಕೆ ಸಹಿ ಹಾಕುತ್ತಾರೆ. ಅಲ್ಲಿನ ಜ್ಯೂರಿ ಇಂಥವನೇ ಕೊಂದ ಎಂದು ಪ್ರಮಾಣದ ಮೇಲೆ ಹೆಸರಿಸಬಹುದಿತ್ತು. ಆ ಹೆಸರು ಅವರ ಸಾಲಗಾರನದ್ದೋ ಸಾಲ ಕೊಟ್ಟವನದ್ದೋ ಬೀಗರದ್ದೋ ಆಗಿರಬಹುದಿತ್ತು.

ಇಡೀ ಕಟ್ಟನ್ನು ತೆಗೆಸಿ

ಸೌತ್ ಕರೊಲಿನಾದ ರಾಜ್ಯ ಪತ್ರಾಗಾರ ಇರುವುದು ಕೊಲಂಬಿಯಾದಲ್ಲಿ. ಎಡ್ಜ್‌ಫೀಲ್ಡಿನಲ್ಲೂ ಕೌಂಟಿಯದೇ ಪತ್ರಾಗಾರವಿದೆ. ಆ ಭಾಗದ ಹಲವು ಕೌಂಟಿಗಳ ವಿಚಾರಣೆ ಹಾಳೆಗಳು ಈಗ ಆನ್‌ಲೈನಿನಲ್ಲೂ ಸಿಗುತ್ತವೆ. ಎಲ್ಲಿ ನೋಡಿದರೂ ಹಾಳೆಯ ಬೆನ್ನನ್ನೂ ಫೋಟೊ ತೆಗೆಯಿರಿ. ಹೊರ ಮಡಿಕೆಯ ಷರಾದಲ್ಲಿ ಕಡತ ಸಲ್ಲಿಸಿದ ದಿನ, ಕೆಲವೊಮ್ಮೆ ಶುಲ್ಕದ ಲೆಕ್ಕ ಇರುತ್ತದೆ. ಸತ್ತ ದಿನಕ್ಕೂ ಸಲ್ಲಿಸಿದ ದಿನಕ್ಕೂ ತಿಂಗಳುಗಟ್ಟಲೆ ಅಂತರವಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಒಂದು ಪೂರ್ತಿ ಕಟ್ಟಿನಲ್ಲಿ ತೀರ್ಪಿನ ಹಾಳೆ, ಸಾಕ್ಷಿಗಳ ಹೇಳಿಕೆ, ಸಾಕ್ಷಿಗಳನ್ನು ಕೋರ್ಟಿಗೆ ಬರುವಂತೆ ಕಟ್ಟಿಹಾಕುವ ಮುಚ್ಚಳಿಕೆ, ಬಂಧನದ ವಾರಂಟು ಇರಬೇಕು. ಬಹಳ ಸಲ ಉಳಿದಿರುವುದು ತೀರ್ಪಿನ ಹಾಳೆ ಮಾತ್ರ. ಹೇಳಿಕೆ ಸಿಕ್ಕಿದ ಸಾವನ್ನೂ ಸಿಗದ ಸಾವನ್ನೂ ಒಂದೇ ತೂಕದಲ್ಲಿ ತೂಗಬೇಡಿ.

ಅಚ್ಚಿನ ಮಾತನ್ನೂ ಆಡಿದ ಮಾತನ್ನೂ ಬೇರ್ಪಡಿಸಿ

ತೀರ್ಪಿನ ಹಾಳೆಯ ಮುಕ್ಕಾಲು ಭಾಗ ಶತಮಾನಗಳಿಂದ ಉರುಳಿಬಂದ ಮಂತ್ರ. ‘ಇಂಥ ಜಾಗದಲ್ಲಿ, ಇಂಥ ದಿನ, ಅಲ್ಲೇ ಆಗಲೇ ಸತ್ತು ಬಿದ್ದಿದ್ದ ಶವವನ್ನು ನೋಡಿ, ಯಾವಾಗ, ಎಲ್ಲಿ, ಹೇಗೆ, ಯಾವುದರಿಂದ ಸಾವು ಬಂತೆಂದು ವಿಚಾರಿಸಲು ಪ್ರಮಾಣ ಮಾಡಿದವರು’ ಎಂದು ಶುರುವಾಗುತ್ತದೆ. ಕೊಲೆಯಾದರೆ ‘ದೇವರನ್ನು ಕಣ್ಣ ಮುಂದೆ ಇಟ್ಟುಕೊಳ್ಳದೆ, ಸೈತಾನನ ಪ್ರೇರಣೆಗೆ ಒಳಗಾಗಿ’ ಎಂಬ ಸಾಲು ಬರಬಹುದು. ಇದನ್ನು ಕಂಡು ಊರಿನವರ ಧರ್ಮಭೀರು ಸ್ವಭಾವದ ಬಗ್ಗೆ ಪ್ಯಾರಾ ಬರೆಯಬೇಡಿ. ಅದು ನಮೂನೆ, ಅಷ್ಟೆ.

ಆದರೆ ನಮೂನೆಯ ನಡುವಿನ ಖಾಲಿ ಜಾಗಗಳಲ್ಲಿ ತುಂಬಿದ್ದು ಸ್ವಂತದ್ದು. ಗಾಯ ಎಷ್ಟು ಅಂಗುಲ ಅಗಲ, ಎಷ್ಟು ಆಳ, ಎದೆಯ ಎಡಕ್ಕೋ ಬಲಕ್ಕೋ, ಚಾಕುವಿನ ಬೆಲೆ ಎಷ್ಟು ಎಂದೂ ಬರೆಯುತ್ತಿದ್ದರು. ಹಳೆಯ ಇಂಗ್ಲಿಷ್ ಕಾನೂನಿನ ದೋಷಾರೋಪಕ್ಕೆ ಈ ಅಳತೆಗಳು ಬೇಕಾಗಿದ್ದವು. ಬೆನ್ನಿನಿಂದ ಒಳಹೊಕ್ಕ ಗುಂಡಿನ ಅಳತೆ ಹಾಳೆಯಲ್ಲಿದ್ದು, ತೀರ್ಪಿನಲ್ಲಿ ‘ಎದುರಾಬದುರು ಜಗಳ’ ಎಂದಿದ್ದರೆ, ನೀವು ಅಲ್ಲಿ ನಿಲ್ಲಬೇಕು.

ಅಕ್ಷರಗಳಿಗೆ ಒಂದು ದಿನ ಅಭ್ಯಾಸ ಸಾಕು. ಶತಮಾನದ ಆರಂಭದ ಕೈಬರಹದಲ್ಲಿ ಜೋಡಿ ಎಸ್‌ನ ಮೊದಲನೆಯದು ಎಫ್‌ನಂತೆ ಉದ್ದವಾಗಿ ಕಾಣುತ್ತದೆ. ವಿಲಿಯಂ, ಜೇಮ್ಸ್, ಚಾರ್ಲ್ಸ್ ಎಲ್ಲವೂ ಎರಡು ಮೂರು ಅಕ್ಷರಕ್ಕೆ ಮೊಟಕಾಗಿರುತ್ತವೆ. ಸಹಿಯ ಪಕ್ಕದ ‘ಎಲ್. ಎಸ್.’ ಯಾರ ಇನಿಷಿಯಲ್ಲೂ ಅಲ್ಲ, ಮೊಹರು ಒತ್ತುವ ಜಾಗ ಎಂದು ಅರ್ಥ.

ಹೇಳಿಕೆ ಮೊದಲು, ತೀರ್ಪು ಕೊನೆಗೆ

ಇಡೀ ಕೆಲಸದ ಜೀವಾಳ ಇದು. ತೀರ್ಪಿನ ಹಾಳೆಯನ್ನು ಬೋರಲು ಹಾಕಿ ಪಕ್ಕಕ್ಕಿಡಿ. ಹೇಳಿಕೆಗಳನ್ನು ಓದಿ, ನಿಮ್ಮದೇ ಮಾತಿನಲ್ಲಿ ಏನಾಯಿತೆಂದು ಬರೆಯಿರಿ. ಆಮೇಲೆ ಮಾತ್ರ ತೀರ್ಪು ನೋಡಿ. ಎರಡೂ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಆ ಬಿರುಕಿನಲ್ಲೇ ಊರಿನ ನಿಜವಾದ ಕಥೆ ಇರುತ್ತದೆ.

ಹೇಳಿಕೆಗಳಲ್ಲಿ ಪ್ರಶ್ನೆ ಇರುವುದಿಲ್ಲ, ಉತ್ತರವಷ್ಟೇ ಇರುತ್ತದೆ. ಪ್ರಶ್ನೆಯನ್ನು ನೀವೇ ಕಟ್ಟಿಕೊಳ್ಳಬೇಕು. ಅದಕ್ಕೆ ‘ಇಲ್ಲ’ಗಳನ್ನು ಹುಡುಕಿ. ‘ಸತ್ತವನ ಕೈಯಲ್ಲಿ ದೊಣ್ಣೆ ಇದ್ದದ್ದು ನಾನು ನೋಡಲಿಲ್ಲ’ ಎಂದು ಸಾಕ್ಷಿ ಹೇಳಿದರೆ, ದೊಣ್ಣೆ ಇತ್ತೇ ಎಂದು ಯಾರೋ ಕೇಳಿದ್ದಾರೆ. ಅಂದರೆ ಆತ್ಮರಕ್ಷಣೆಯ ವಾದ ಶವ ಇನ್ನೂ ನೆಲದ ಮೇಲಿರುವಾಗಲೇ ತಯಾರಾಗುತ್ತಿತ್ತು. ‘ಅವರಿಬ್ಬರ ನಡುವೆ ಹಳೆಯ ಹಗೆ ಇರಲಿಲ್ಲ’ ಎಂಬುದು ಮೂವರ ಬಾಯಲ್ಲಿ ಒಂದೇ ಪದಗಳಲ್ಲಿ ಬಂದರೆ, ಮೂವರಿಗೂ ಅದನ್ನೇ ಕೇಳಿದ್ದಾರೆ ಎಂದರ್ಥ. ಪೂರ್ವದ್ವೇಷವೇ ಕೊಲೆಯನ್ನೂ ಹಠಾತ್ ಕೋಪದ ಸಾವನ್ನೂ ಬೇರ್ಪಡಿಸುವ ಗೆರೆಯಾಗಿತ್ತು.

ಹೊತ್ತಿನ ಲೆಕ್ಕ ಗಡಿಯಾರದ್ದಲ್ಲ. ‘ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ’, ‘ದೀಪ ಹಚ್ಚುವ ಹೊತ್ತಿಗೆ’ ಎನ್ನುತ್ತಾರೆ, ನಮ್ಮ ಹಳ್ಳಿಯವರು ಹೊತ್ತು ಮಾರುದ್ದ ಏರಿತ್ತು ಎನ್ನುವ ಹಾಗೆ. ತಾರೀಖು ಇಟ್ಟುಕೊಂಡು ಆ ದಿನದ ಸೂರ್ಯಾಸ್ತ ಲೆಕ್ಕ ಹಾಕಿದರೆ, ಆ ಬೆಳಕಿನಲ್ಲಿ ಐವತ್ತು ಹೆಜ್ಜೆ ದೂರದ ಮುಖ ಕಾಣುತ್ತಿತ್ತೇ ಎಂದು ತೂಗಿ ನೋಡಬಹುದು. ವಾರವನ್ನೂ ಲೆಕ್ಕ ಹಾಕಿ. ತಿಂಗಳ ಮೊದಲ ಸೋಮವಾರ ಕೋರ್ಟಿನ ಮುಂದೆ ಹರಾಜು ನಡೆಯುತ್ತಿತ್ತು, ಸುತ್ತಲ ಊರಿನವರೆಲ್ಲ ಸೇರುತ್ತಿದ್ದರು, ಸಾರಾಯಿ ಹರಿಯುತ್ತಿತ್ತು. ಚುನಾವಣೆ, ಸೈನಿಕ ಕವಾಯತಿನ ದಿನ, ಕ್ರಿಸ್‌ಮಸ್ ವಾರ, ಜೋಳದ ಸಿಪ್ಪೆ ಸುಲಿಯುವ ರಾತ್ರಿಗಳೂ ಹಾಗೆಯೇ.

ಯಾರು ಮಾತಾಡಿದ್ದಾರೆ ಎಂಬಷ್ಟೇ ಯಾರು ಮಾತಾಡಿಲ್ಲ ಎಂಬುದೂ ಮುಖ್ಯ. ಹೇಳಿಕೆಗಳಲ್ಲಿ ಬರುವ ಪ್ರತಿ ಹೆಸರನ್ನೂ ಪಟ್ಟಿ ಮಾಡಿ, ಅವರಲ್ಲಿ ಯಾರನ್ನು ಕರೆಸಲೇ ಇಲ್ಲ ನೋಡಿ. ಮನೆಯೊಳಗಿನ ಸಾವಿನಲ್ಲಿ ಹೆಂಡತಿಯನ್ನು ಕೇಳಿದರೇ? ಹೆಂಗಸರಿಗೆ ಜ್ಯೂರಿಯಲ್ಲಿ ಜಾಗವಿರಲಿಲ್ಲ. ಆದರೆ ಶವ ತೊಳೆದವರು, ಬಾಣಂತಿಯನ್ನು ನೋಡಿಕೊಂಡವರು, ಎಳೆಗೂಸಿನ ಮೈಮೇಲಿನ ಗುರುತು ಕಂಡವರು ಅವರೇ. ಅವರ ಹೇಳಿಕೆ ಇದ್ದರೆ ವೈದ್ಯನದಕ್ಕಿಂತ ನಿಖರವಾಗಿರುತ್ತದೆ. ಮುಚ್ಚಿಟ್ಟ ಹೆರಿಗೆಯ ಪ್ರಕರಣಗಳನ್ನು ಓದುವುದು ಕಷ್ಟ. ನಿಧಾನವಾಗಿ ಓದಿ, ಒಂದೇ ದಿನ ಎಲ್ಲವನ್ನೂ ಓದಬೇಡಿ.

ತೀರ್ಪಿನ ಪದಗಳು

‘ವಿಸಿಟೇಶನ್ ಆಫ್ ಗಾಡ್’, ಅಂದರೆ ದೇವರ ಕರೆ, ಎಂದಿದ್ದರೆ ಗಾಯ ಕಾಣಲಿಲ್ಲ, ಕಾರಣ ತಿಳಿಯಲಿಲ್ಲ ಎಂದಷ್ಟೇ ಅರ್ಥ. ಹೃದಯಾಘಾತ, ಲಕ್ವ, ವಿಷ ಎಲ್ಲವೂ ಅದರೊಳಗೆ ಅಡಗಬಹುದು. ಆರ್ಸೆನಿಕ್ ಪತ್ತೆ ಮಾಡುವ ಮಾರ್ಷ್ ಪರೀಕ್ಷೆ 1836ರಲ್ಲೇ ಪ್ರಕಟವಾಗಿದ್ದರೂ ಅದಕ್ಕೆ ರಸಾಯನಶಾಸ್ತ್ರ ಬಲ್ಲ ಕೈ ಬೇಕಿತ್ತು. ‘ಮಿಸ್‌ಅಡ್ವೆಂಚರ್’ ಆಕಸ್ಮಿಕ. ‘ಫೆಲೋ ಡಿ ಸೆ’ ಆತ್ಮಹತ್ಯೆ. ‘ಇನ್‌ಟೆಂಪರೆನ್ಸ್’ ಎಂದರೆ ಕುಡಿತ. ಅದು ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ ಸತ್ತವನ ಬಗ್ಗೆ ಊರಿನ ಅಭಿಪ್ರಾಯ.

‘ಓವರ್‌ಲೇಯಿಂಗ್’ ಎಂಬ ಪದದ ಮುಂದೆ ತಡೆಯಿರಿ. ಮಲಗಿದ್ದಾಗ ತಾಯಿಯ ಮೈಭಾರಕ್ಕೆ ಸಿಕ್ಕಿ ಮಗು ಸತ್ತಿತೆಂಬ ತೀರ್ಪು ಅದು. ಗುಲಾಮ ತಾಯಂದಿರ ಮೇಲೆ ಈ ಆರೋಪ ಬಹಳ ಹೊರಿಸಲಾಯಿತು. ಅವುಗಳಲ್ಲಿ ಅನೇಕವು ಕಾರಣ ತಿಳಿಯದ ಹಠಾತ್ ಶಿಶು ಮರಣಗಳಾಗಿದ್ದಿರಬೇಕು ಎಂದು ವೈದ್ಯ ಇತಿಹಾಸಕಾರರು ತೋರಿಸಿದ್ದಾರೆ. ಹಗಲೆಲ್ಲ ಹತ್ತಿ ಬಿಡಿಸಿ ಬಂದು ಮಲಗಿದ ಹೆಣ್ಣಿಗೆ ಮಗುವನ್ನು ಕಳೆದುಕೊಂಡ ದುಃಖದ ಮೇಲೆ ಈ ಮಾತನ್ನೂ ಹೊರಿಸಿದರು. ನಿಮ್ಮ ಪಟ್ಟಿಯಲ್ಲಿ ಅದನ್ನು ‘ತಾಯಿಯ ಅಜಾಗ್ರತೆ’ ಎಂದು ಬರೆಯಬೇಡಿ.

ಗುಲಾಮರ ಸಾವು ಬಂದಾಗ

ಸೌತ್ ಕರೊಲಿನಾದ 1740ರ ಕಾಯ್ದೆಯಲ್ಲಿ ಗುಲಾಮನನ್ನು ಬೇಕೆಂದೇ ಕೊಂದರೆ ಶಿಕ್ಷೆ 700 ಪೌಂಡ್ ದಂಡ. ಹಠಾತ್ ಕೋಪದಲ್ಲೋ ಮಿತಿಮೀರಿದ ‘ತಿದ್ದುಪಡಿ’ಯಲ್ಲೋ, ಅಂದರೆ ಬುದ್ಧಿ ಕಲಿಸಲು ಹೊಡೆದ ಹೊಡೆತದಲ್ಲೋ, ಕೊಂದರೆ 350 ಪೌಂಡ್. ಬಿಳಿಯ ಸಾಕ್ಷಿ ಯಾರೂ ಇಲ್ಲದಿದ್ದರೆ, ಆ ಗುಲಾಮ ಯಾರ ಸುಪರ್ದಿನಲ್ಲಿದ್ದನೋ ಅವನೇ ತಪ್ಪಿತಸ್ಥ ಎಂದು ಮೊದಲು ಭಾವಿಸಬೇಕು ಎಂದಿತ್ತು ಕಾಯ್ದೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಮುಂದಿನ ಸಾಲಿನಲ್ಲೇ, ಅವನು ತನ್ನದೇ ಪ್ರಮಾಣದ ಮೇಲೆ ತಾನು ನಿರಪರಾಧಿ ಎಂದು ಹೇಳಿ ಬಿಡುಗಡೆ ಪಡೆಯಬಹುದಿತ್ತು. 1821ರಲ್ಲಿ ಕೊಲೆಗೆ ಮರಣದಂಡನೆ ಬಂತು. ಹಠಾತ್ ಕೋಪಕ್ಕೆ 500 ಡಾಲರಿನವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಬಿಳಿಯನ ವಿರುದ್ಧ ಗುಲಾಮನ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತಿರಲಿಲ್ಲ. ಈ ಕಾನೂನುಗಳನ್ನು ಮುಂದಿಟ್ಟುಕೊಂಡು ಓದಿದರೆ ಮೇಸ್ತ್ರಿಯ ಹೇಳಿಕೆಯಲ್ಲಿ ಯಾಕೆ ‘ಹೊಡೆದದ್ದು ಸಾಧಾರಣವಾಗಿಯೇ’ ಎಂಬ ಮಾತು ಬರುತ್ತದೆ ಎಂದು ತಿಳಿಯುತ್ತದೆ.

ಹಾಳೆಯಲ್ಲಿ ಸತ್ತವನಿಗೆ ಒಂದೇ ಹೆಸರು, ಪಕ್ಕದಲ್ಲಿ ‘ಇಂಥವರ ಆಸ್ತಿ’. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಆ ಒಂದು ಹೆಸರೂ ಇಲ್ಲ. ಮಾಲೀಕನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಹಾಗಾಗಿ ಬಾವಿಯಲ್ಲಿ ಸಿಕ್ಕ, ಹತ್ತಿಯ ಗಿರಣಿಗೆ ಸಿಕ್ಕ, ಸಿಡಿಲು ಬಡಿದ ಒಬ್ಬ ಮನುಷ್ಯ ಹೆಸರು ಸಮೇತ ಉಳಿದಿರುವ ಹಾಳೆ ಇದೊಂದೇ ಇರಬಹುದು. ಅವನ ಕೊನೆಯ ದಿನ ಏನು ತಿಂದ, ಯಾರ ಜೊತೆ ಮಾತಾಡಿದ, ಯಾವ ದಾರಿ ಹಿಡಿದ ಎಂಬುದೂ ಇಲ್ಲಿರಬಹುದು. ಅದಕ್ಕೇ ಈ ಹಾಳೆಗಳ ಒಂದು ಪದವನ್ನೂ ಸಂಕ್ಷೇಪಿಸದೆ ನಕಲು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

‘ಆಕಸ್ಮಿಕವಾಗಿ ಮುಳುಗಿ’ ಎಂದಿದ್ದರೆ ಅವನು ಯಾಕೆ ನೀರಿಗಿಳಿದ ಎಂದು ಹೇಳಿಕೆಯಲ್ಲಿ ಹುಡುಕಿ, ಹಿಂದೆ ನಾಯಿಗಳಿದ್ದವೇ, ಓಡಿಹೋಗುವ ಗುಲಾಮರನ್ನು ಹಿಡಿಯುವ ಗಸ್ತಿನವರಿದ್ದರೇ ನೋಡಿ. ‘ತಾನೇ ನೇಣು ಹಾಕಿಕೊಂಡು’ ಎಂದಿದ್ದರೆ ಹಿಂದಿನ ದಿನ ಚಾಟಿಯೇಟು ಬಿದ್ದಿತ್ತೇ, ಮಾರಾಟದ ಮಾತು ನಡೆದಿತ್ತೇ ನೋಡಿ. ಆಮೇಲೆ ಮಾಲೀಕನ ಉಯಿಲು, ಆಸ್ತಿ ಪಟ್ಟಿಗಳನ್ನು ತೆರೆಯಿರಿ. ಅಲ್ಲಿ ಎತ್ತು, ನೇಗಿಲುಗಳ ನಡುವೆ ಅದೇ ಹೆಸರು ಬೆಲೆಯೊಂದಿಗೆ ಸಿಗಬಹುದು. ಅವನ ತಾಯಿ, ಹೆಂಡತಿ, ಮಕ್ಕಳ ಹೆಸರೂ ಅದೇ ಪುಟದಲ್ಲಿರಬಹುದು.

ಯುದ್ಧದ ನಂತರ: ಒಂದೇ ನಮೂನೆ, ಬೇರೆ ಜ್ಯೂರಿ

ಅಮೆರಿಕದ ಅಂತರ್ಯುದ್ಧ ಮುಗಿದ 1865ರ ನಂತರ ಕೊರೊನರನ ಹಾಳೆಯೊಂದನ್ನೇ ನಂಬಿ ಕೂರಬೇಡಿ. 1865ರಿಂದ 1872ರವರೆಗೆ ಇದ್ದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಕೇಂದ್ರ ಸರ್ಕಾರದ ಇಲಾಖೆ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಮೇಲಿನ ಕೊಲೆ, ದೌರ್ಜನ್ಯಗಳ ವರದಿ ಇಡುತ್ತಿತ್ತು. ಅವು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬ್ಯೂರೋದಲ್ಲಿದ್ದು ಕೌಂಟಿಯಲ್ಲಿ ಇಲ್ಲದ ಸಾವುಗಳ ಪಟ್ಟಿಯನ್ನು ಬೇರೆಯಾಗಿ ಮಾಡಿ.

ಜ್ಯೂರಿ ಬದಲಾದರೆ ಕಾಗದ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಹ್ಯಾಂಬರ್ಗ್ ಸಾಕು. 1876ರ ಜುಲೈ 4ರಂದು ಕಪ್ಪು ಜನರ ಸೈನಿಕ ದಳವೊಂದು ಬೀದಿಯಲ್ಲಿ ಕವಾಯತು ಮಾಡುತ್ತಿದ್ದಾಗ ಗಾಡಿಯಲ್ಲಿ ಬಂದ ಇಬ್ಬರು ಬಿಳಿಯರೊಂದಿಗೆ ದಾರಿಗಾಗಿ ಜಗಳವಾಯಿತು. ಜುಲೈ 8ರಂದು ನೂರಾರು ಶಸ್ತ್ರಧಾರಿ ಬಿಳಿಯರು ಊರನ್ನು ಮುತ್ತಿದರು. ಒಬ್ಬ ಬಿಳಿಯ ಸತ್ತ, ಆರು ಜನ ಕಪ್ಪು ಗಂಡಸರು ಕೊಲ್ಲಲ್ಪಟ್ಟರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಸೆರೆಹಿಡಿದ ಮೇಲೆ. ವಿಚಾರಣೆ ನಡೆಸಿದವನು ಪ್ರಿನ್ಸ್ ರಿವರ್ಸ್. ಒಮ್ಮೆ ಗುಲಾಮನಾಗಿದ್ದವನು, ಯುದ್ಧದಲ್ಲಿ ಕಪ್ಪು ದಳದ ಸಾರ್ಜೆಂಟ್ ಆಗಿದ್ದವನು, ಆಗ ಆ ಊರಿನ ನ್ಯಾಯಾಧಿಕಾರಿ. ಅವನ ಜ್ಯೂರಿ ‘ಯಾರೋ ಅಪರಿಚಿತರು’ ಎನ್ನಲಿಲ್ಲ. ಎಂಬತ್ತಕ್ಕೂ ಹೆಚ್ಚು ಬಿಳಿಯರನ್ನು ಹೆಸರು ಹಿಡಿದು ಬರೆಯಿತು. ಆ ಪಟ್ಟಿಯಲ್ಲಿದ್ದ ಮ್ಯಾಥ್ಯೂ ಬಟ್ಲರ್ 1877ರಲ್ಲಿ ಸೆನೆಟರ್ ಆದ. ಬೆನ್ ಟಿಲ್‌ಮನ್ 1890ರಲ್ಲಿ ಗವರ್ನರ್ ಆಗಿ ಆಯ್ಕೆಯಾದ, ಆ ದಿನದ ತನ್ನ ಪಾತ್ರವನ್ನು ಬಹಿರಂಗವಾಗಿ ಹೇಳಿಕೊಂಡ. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. 1916ರಲ್ಲಿ ಪಕ್ಕದ ನಾರ್ತ್ ಆಗಸ್ಟಾದಲ್ಲಿ ಸ್ಮಾರಕ ಎದ್ದದ್ದು ಸತ್ತ ಒಬ್ಬ ಬಿಳಿಯನಿಗೆ.

ಇದಾದ ಮೇಲೆ ಶತಮಾನದ ಕೊನೆಯ ಹಾಳೆಗಳನ್ನು ಓದಿ. ಗುಂಪು ಕಟ್ಟಿ ನೇಣು ಹಾಕಿದ ಸಾವುಗಳಲ್ಲಿ ‘ಪರ್ಸನ್ಸ್ ಅನ್‌ನೋನ್’, ಜ್ಯೂರಿಗೆ ಗೊತ್ತಿಲ್ಲದವರ ಕೈಯಿಂದ, ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹಗಲಲ್ಲಿ, ಮುಖ ಮುಚ್ಚದೆ ಬಂದ ಗುಂಪನ್ನೂ ನೆರೆಯವರು ಗುರುತಿಸಲಿಲ್ಲವಂತೆ. ಅಂಥ ಸಾವಿಗೆ ಕೌಂಟಿಯೇ ಕನಿಷ್ಠ 2000 ಡಾಲರ್ ಪರಿಹಾರ ಕೊಡಬೇಕೆಂದು 1895ರ ರಾಜ್ಯ ಸಂವಿಧಾನದಲ್ಲೇ ಸೇರಿತು. ಹಾಗಾಗಿ ಆ ವರ್ಷದ ನಂತರದ ಪ್ರಕರಣಗಳಲ್ಲಿ ವಾರಸುದಾರರು ಹೂಡಿದ ಸಿವಿಲ್ ದಾವೆಗಳನ್ನೂ ಹುಡುಕಿ. ಜ್ಯೂರಿ ನುಂಗಿದ ಹೆಸರು ಅಲ್ಲಿ ಸಿಗುವ ಸಾಧ್ಯತೆ ಇದೆ.

ಬೇರೆ ಕಾಗದಗಳೊಂದಿಗೆ ತಾಳೆ ನೋಡಿ

ಸೌತ್ ಕರೊಲಿನಾದಲ್ಲಿ ರಾಜ್ಯವ್ಯಾಪಿ ಮರಣ ನೋಂದಣಿ ಶುರುವಾದದ್ದು 1915ರಲ್ಲಿ. ಅದಕ್ಕೂ ಹಿಂದೆ ಇರುವ ಒಳ್ಳೆಯ ಆಸರೆ 1850ರಿಂದ 1880ರವರೆಗಿನ ಜನಗಣತಿಗಳ ಮರಣ ಪಟ್ಟಿಗಳು. ಪ್ರತಿಯೊಂದೂ ಆ ವರ್ಷದ ಮೇ ಅಂತ್ಯದವರೆಗಿನ ಹನ್ನೆರಡು ತಿಂಗಳ ಸಾವುಗಳನ್ನು ಮಾತ್ರ ಹೇಳುತ್ತದೆ. ಉಳಿದ ಒಂಬತ್ತು ವರ್ಷ ಕತ್ತಲೆ. ಎಡ್ಜ್‌ಫೀಲ್ಡ್ ಅಡ್ವರ್ಟೈಸರ್ ಪತ್ರಿಕೆ 1836ರಿಂದ ಹೊರಬರುತ್ತಿದೆ, ಹಳೆಯ ಸಂಚಿಕೆಗಳು ಆನ್‌ಲೈನಿನಲ್ಲಿವೆ. ಅದರಲ್ಲಿ ತಾರೀಖಿನ ಮುಂದೆ ‘ಇನ್‌ಸ್ಟ್’ ಎಂದಿದ್ದರೆ ಈ ತಿಂಗಳು, ‘ಅಲ್ಟ್’ ಎಂದಿದ್ದರೆ ಕಳೆದ ತಿಂಗಳು. ಇದೊಂದು ತಪ್ಪಿದರೆ ಎರಡು ಸಾವುಗಳು ಒಂದಾಗಿಬಿಡುತ್ತವೆ. ಸೆಷನ್ಸ್ ಕೋರ್ಟಿನ ಕಡತದ ಬೆನ್ನಿನ ಮೇಲೆ ‘ಟ್ರೂ ಬಿಲ್’ ಎಂದಿದ್ದರೆ ಆರೋಪ ನಿಂತು ಮೊಕದ್ದಮೆ ಮುಂದುವರಿಯಿತು, ‘ನೋ ಬಿಲ್’ ಎಂದಿದ್ದರೆ ಅಲ್ಲಿಗೇ ಮುಗಿಯಿತು. ಬ್ಯಾಪ್ಟಿಸ್ಟ್ ಚರ್ಚುಗಳ ನಡಾವಳಿ ಪುಸ್ತಕಗಳನ್ನೂ ಬಿಡಬೇಡಿ. ಕೋರ್ಟು ಬಿಟ್ಟವನನ್ನು ಚರ್ಚು ಹೊರಹಾಕಿದ್ದುಂಟು.

ಎಣಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಷ್ಟಕ ಮಾಡಿ, ಆದರೆ ಅದರಿಂದ ಕೊಲೆಯ ಪ್ರಮಾಣ ಲೆಕ್ಕ ಹಾಕಲು ಹೋಗಬೇಡಿ. ಕಳೆದುಹೋದ ಹಾಳೆ, ಸಿಗದ ಶವ, ಕೊರೊನರನನ್ನು ಕರೆಯದ ಮಾಲೀಕ, ಇವೆಲ್ಲ ಕೋಷ್ಟಕದ ಹೊರಗಿವೆ. ಸಾವಿನ ಕಾರಣಕ್ಕೆ ಎರಡು ಕಾಲಂ ಇರಲಿ: ಜ್ಯೂರಿ ಹೇಳಿದ್ದು ಒಂದು, ಹೇಳಿಕೆಗಳಿಂದ ನಿಮಗೆ ತೋರಿದ್ದು ಇನ್ನೊಂದು. ಮೊದಲನೆಯದನ್ನು ಎಂದೂ ತಿದ್ದಬೇಡಿ.

ಕೊನೆಯ ಕೆಲಸ, ನಕಲಿನ ಒಂದು ಪ್ರತಿಯನ್ನು ಆ ಕೌಂಟಿಯ ಪತ್ರಾಗಾರಕ್ಕೆ ಕೊಡುವುದು. ತಲೆಬರಹದಲ್ಲಿ ಕೊರೊನರನ ಹೆಸರಲ್ಲ, ಸತ್ತವರ ಹೆಸರು ಇರಲಿ, ಹಾಳೆಯಲ್ಲಿದ್ದ ಕಾಗುಣಿತದಲ್ಲೇ. ಗುಲಾಮರಾಗಿದ್ದರೆ ಮಾಲೀಕನ ಹೆಸರನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆಯಿರಿ, ಬಿಡಬೇಡಿ. ಕಪ್ಪು ಕುಟುಂಬಗಳಲ್ಲಿ ಹೆಚ್ಚಿನವರ ಪೂರ್ತಿ ಹೆಸರು ಜನಗಣತಿಯಲ್ಲಿ ಮೊದಲ ಬಾರಿಗೆ ಬರುವುದು 1870ರಲ್ಲಿ. ಅಲ್ಲಿಂದ ಹಿಂದಕ್ಕೆ ತಮ್ಮ ಮುತ್ತಜ್ಜಿಯನ್ನು ಹುಡುಕುತ್ತ ಬರುವ ಮೊಮ್ಮಕ್ಕಳ ಕೈಯಲ್ಲಿ ಬಹಳ ಸಲ ಇರುವ ಎಳೆ ಆ ಮಾಲೀಕನ ಹೆಸರೊಂದೇ.